‘ಹೋಪ್‌ಲೆಸ್ಲಿ ವೇಗ್’ ಅಂದರೆ ಎಷ್ಟು ವೇಗ್?

ಮಾತು ಅಸ್ಪಷ್ಟವಾಗಿದೆ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ‘ವೇಗ್’ ಅಂದರೆ ಸಾಕು. ಆದರೆ ಹೇಳುವವರಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ‘ಹೋಪ್‌ಲೆಸ್ಲಿ ವೇಗ್’, ‘ಫ್ರಸ್ಟ್ರೇಟಿಂಗ್ಲಿ ವೇಗ್’, ‘ಡೆಲಿಬರೇಟ್ಲಿ ವೇಗ್’ ಅಂತ ಮುಂದೆ ಏನಾದರೊಂದು ಸೇರಿಸುತ್ತಾರೆ. ಇವೆಲ್ಲ ‘ವೆರಿ’ ಎಂಬುದರ ಜೋರು ರೂಪಗಳು, ಸುಮ್ನೆ ಒತ್ತು ಕೊಡಲು ಬರುತ್ತವೆ ಅಂತ ನಮಗೆ ಅನ್ನಿಸುತ್ತದೆ. ನನ್ನ ಪ್ರಕಾರ ಇವು ಅಳೆಯುವುದು ಕಡಿಮೆ, ದೂರುವುದು ಜಾಸ್ತಿ.

‘ಸಂಬಳ ಹೆಚ್ಚಳದ ವಿಷಯವನ್ನು ಸೂಕ್ತ ಸಮಯದಲ್ಲಿ ಪರಿಶೀಲಿಸಲಾಗುವುದು’ ಅಂತ ಆಫೀಸಿನಿಂದ ಒಂದು ಮೇಲ್ ಬಂತು ಅಂದುಕೊಳ್ಳಿ. ‘ಫ್ರಸ್ಟ್ರೇಟಿಂಗ್ಲಿ’ ಅಂದರೆ ಓದಿದವರಿಗೆ ತಲೆ ಕೆಟ್ಟಿದೆ. ‘ಡೆಲಿಬರೇಟ್ಲಿ’ ಅಂದರೆ ಬರೆದವರು ಬೇಕಂತಲೇ ಹಾರಿಕೆ ಉತ್ತರ ಕೊಟ್ಟಿದ್ದಾರೆ. ‘ಹೋಪ್‌ಲೆಸ್ಲಿ’ ಅಂದರೆ ಇದನ್ನು ತಿದ್ದಿ ಉಪಯೋಗವಿಲ್ಲ, ಹರಿದುಹಾಕಿ. ಸಾಲು ಒಂದೇ. ಎಷ್ಟು ಅಸ್ಪಷ್ಟ ಅಂತ ಮೂರರಲ್ಲಿ ಯಾವುದೂ ಹೇಳಲಿಲ್ಲ, ಅಲ್ವಾ?

ಇಂಥ ಪದಗಳಿಗೆ ಸಹವಾಸದೋಷವೂ ಇದೆ. 1993ರಲ್ಲಿ ಭಾಷಾವಿಜ್ಞಾನಿ ಬಿಲ್ ಲೌ ‘ಅಟರ್ಲಿ’ (ಸಂಪೂರ್ಣವಾಗಿ) ಎಂಬ ಪದ ಯಾರ ಜೊತೆ ಓಡಾಡುತ್ತದೆ ಅಂತ ಕಂಪ್ಯೂಟರಿನಲ್ಲಿ ಕೂಡಿಟ್ಟ ವಾಕ್ಯರಾಶಿಯಲ್ಲಿ ಹುಡುಕಿದರು. ಹೆಚ್ಚಿನ ಕಡೆ ಪಕ್ಕದಲ್ಲಿದ್ದದ್ದು ಕೆಟ್ಟ ವಿಷಯವೇ. ಇದಕ್ಕೆ ಭಾಷಾವಿಜ್ಞಾನದಲ್ಲಿ ‘ಸೆಮ್ಯಾಂಟಿಕ್ ಪ್ರಾಸಡಿ’ ಅನ್ನುತ್ತಾರೆ. ಹಾಗಾಗಿ ‘ಅಟರ್ಲಿ’ ಅಂದ ಕೂಡಲೇ ಮುಂದೆ ಬೈಗುಳ ಬರುತ್ತದೆ ಅಂತ ಕಿವಿ ಸಿದ್ಧವಾಗುತ್ತದೆ. (ಅದೇ ಪದದಲ್ಲಿ ಬೆಣ್ಣೆ ಮಾರಿದ ಅಮುಲ್‌ನವರ ಧೈರ್ಯ ಮೆಚ್ಚಬೇಕು!)

ಒತ್ತಿನ ಪದದಿಂದ ಅಳತೆಯೇ ಬೇಕು ಅಂದರೆ ಅದಕ್ಕೆ ಅಂಕಿ ಕಟ್ಟಬೇಕು. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಹಾಗೆ ಮಾಡಿದೆ. ಅದರ ವರದಿಯಲ್ಲಿ ‘ಲೈಕ್ಲಿ’ ಅಂದರೆ ಶೇ 66ರಿಂದ 100, ‘ವೆರಿ ಲೈಕ್ಲಿ’ ಅಂದರೆ ಶೇ 90ರಿಂದ 100ರಷ್ಟು ಸಾಧ್ಯತೆ. ಆದರೂ 2009ರಲ್ಲಿ ಮನೋವಿಜ್ಞಾನಿ ಡೇವಿಡ್ ಬುಡೆಸ್ಕು ಮತ್ತು ಜೊತೆಗಾರರು ಜನರನ್ನು ಕೇಳಿ ನೋಡಿದಾಗ, ಬಹಳಷ್ಟು ಮಂದಿ ‘ವೆರಿ ಲೈಕ್ಲಿ’ಯನ್ನು 90ಕ್ಕಿಂತ ಎಷ್ಟೋ ಕೆಳಗೆ ಇಟ್ಟಿದ್ದರು.

ಅಂಕಿ ಕಟ್ಟದೆ ಬಿಟ್ಟರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮದೇ ಐಟಿ ಕಾಯ್ದೆಯ ಸೆಕ್ಷನ್ 66ಎ ಇದೆ. ಆನ್‌ಲೈನಿನಲ್ಲಿ ‘ಗ್ರಾಸ್ಲಿ ಅಫೆನ್ಸಿವ್’ ಆದದ್ದನ್ನು ಕಳಿಸಿದರೆ ಮೂರು ವರ್ಷದವರೆಗೆ ಜೈಲು ಅಂತ ಅದರಲ್ಲಿತ್ತು. ‘ಅಫೆನ್ಸಿವ್’ ಅಂದರೆ ಮನಸ್ಸು ನೋಯಿಸುವಂಥದ್ದು. ಯಾರ ಮನಸ್ಸು, ಎಷ್ಟಕ್ಕೆ ನೋಯುತ್ತದೆ ಅಂತ ಗೊತ್ತಿಲ್ಲ. ಅದರ ಮುಂದೆ ‘ಗ್ರಾಸ್ಲಿ’, ಅಂದರೆ ‘ತೀರಾ’, ಅಂತ ಸೇರಿಸಿದರೆ ಗೆರೆ ಸ್ವಲ್ಪ ಮೇಲಕ್ಕೆ ಹೋಯಿತು ಅಂತ ಕಾನೂನು ಬರೆದವರು ನಂಬಿರಬೇಕು. ಗೆರೆ ಎಲ್ಲಿದೆ ಅನ್ನುವುದೇ ತಿಳಿಯದಿದ್ದರೆ ಮೇಲೆ ಹೋದರೇನು, ಕೆಳಗೆ ಬಂದರೇನು?

ಇದೇ ಎರಡು ಪದ ಬ್ರಿಟನ್ನಿನ 2003ರ ಕಾನೂನಿನಲ್ಲೂ ಇವೆ. ಅಲ್ಲಿ ಲೆಸ್ಟರ್‌ಶೈರಿನವನೊಬ್ಬ ತನ್ನ ಕ್ಷೇತ್ರದ ಸಂಸದರ ಕಚೇರಿಗೆ ಮತ್ತೆ ಮತ್ತೆ ಫೋನ್ ಮಾಡಿ ಜನಾಂಗ ನಿಂದನೆಯ ಮಾತಾಡಿದ್ದ. ಇದು ‘ಗ್ರಾಸ್ಲಿ’ ಅನ್ನುವಷ್ಟೇನಿಲ್ಲ ಅಂತ ಕೆಳಗಿನ ಕೋರ್ಟು ಬಿಟ್ಟುಬಿಟ್ಟಿತು. ಮೇಲ್ಮನವಿಯಲ್ಲೂ ಅದೇ ತೀರ್ಪು. 2006ರಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್, ಅಷ್ಟಿದೆ ಅಂತ ತಿರುಗಿಸಿ ಹೇಳಿತು. ಮಾತುಗಳು ಅವೇ, ಓದಿದವರೆಲ್ಲ ಕಾನೂನು ಅರೆದು ಕುಡಿದವರೇ. 66ಎ ವಿರುದ್ಧ ಶ್ರೇಯಾ ಸಿಂಘಾಲ್ ಹೂಡಿದ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ಈ ಕೇಸನ್ನೇ ಎತ್ತಿ ತೋರಿಸಿತು. ನ್ಯಾಯಾಧೀಶರಿಗೇ ಹೀಗಾದರೆ, ರಾತ್ರಿ ಹನ್ನೊಂದಕ್ಕೆ ಫೇಸ್‌ಬುಕ್ಕಿನಲ್ಲಿ ಏನೋ ಬರೆಯುವವರ ಗತಿ?

2015ರ ಮಾರ್ಚ್ 24ರ ತೀರ್ಪಿನಲ್ಲಿ ಈ ಸೆಕ್ಷನ್ನಿಗೆ ಕೋರ್ಟು ಕೊಟ್ಟ ಬಿರುದು ‘ಅನ್‌ಕಾನ್ಸ್ಟಿಟ್ಯೂಷನಲಿ ವೇಗ್’. ಸಂವಿಧಾನ ಒಪ್ಪದಷ್ಟು ಅಸ್ಪಷ್ಟ. ಎಷ್ಟು ಅಂತ ಇದೂ ಹೇಳುವುದಿಲ್ಲ. ಆದರೆ ಇದು ಬರೀ ಸಿಟ್ಟೂ ಅಲ್ಲ, ಬರೀ ದೂರೂ ಅಲ್ಲ. ಈ ಮಾತನ್ನು ಮೇಲ್ ಓದಿದ ಗುಮಾಸ್ತರು ಅಂದರೆ ಏನೂ ಆಗದು. ಆ ಪೀಠ ಅಂದಿದ್ದಕ್ಕೆ 66ಎ ಇಡಿಯಾಗಿ ರದ್ದಾಯಿತು.