ಸ್ವಂತ ಶೈಲಿಗೆ ಇಷ್ಟು ಅವಸರ ಯಾಕೆ?

ನಾನು ಮಕ್ಕಳಿಗೆ ಚಿತ್ರಕಲೆ ಕಲಿಸುತ್ತೇನೆ. ಪಾಲಕರ ಒಂದು ಪ್ರಶ್ನೆ ಮಾತ್ರ ನಿಲ್ಲುವುದೇ ಇಲ್ಲ: "ಸರ್, ಇನ್ನೂ ಗೆರೆ, ಚೌಕ ಅಂತಲೇ ಬರೆಸ್ತಿದ್ದೀರಲ್ಲ, ಅವಳದೇ ಸ್ಟೈಲ್ ಯಾವಾಗ ಬರುತ್ತೆ?" ಮಗುವಿಗೆ ಇನ್ನೂ ಹದಿಮೂರು! ಕೆಲವರು ದೊಡ್ಡ ಹೂಗಳ ಚಿತ್ರ ಬರೆದ ಅಮೆರಿಕದ ಜಾರ್ಜಿಯಾ ಓಕೀಫ್ ಹೆಸರು ಹೇಳುತ್ತಾರೆ. ಅವರಿಗೆ ಅದು ಹುಟ್ಟಿನಿಂದಲೇ ಬಂದಿತ್ತಂತೆ.

ಖಂಡಿತ ಇಲ್ಲ. 1887ರಲ್ಲಿ ವಿಸ್ಕಾನ್ಸಿನ್‌ನ ಹೈನುಗಾರರ ಮನೆಯಲ್ಲಿ ಹುಟ್ಟಿದ ಓಕೀಫ್, 1905ರಲ್ಲಿ ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ಸೇರಿದರು. ಟೈಫಾಯ್ಡ್ ಬಂದು ಓದು ನಿಂತಿತು. 1907ರಲ್ಲಿ ನ್ಯೂಯಾರ್ಕ್‌ನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ಗೆ ಹೋದರು. ಅಲ್ಲಿ ಗುರು ವಿಲಿಯಂ ಮೆರಿಟ್ ಚೇಸ್ ದಿನಕ್ಕೊಂದು ಸ್ಟಿಲ್ ಲೈಫ್ (ಮುಂದೆ ಜೋಡಿಸಿಟ್ಟ ವಸ್ತುಗಳ ಚಿತ್ರ) ಬರೆಸುತ್ತಿದ್ದರು. ತಾಮ್ರದ ಪಾತ್ರೆಯ ಪಕ್ಕ ಸತ್ತ ಮೊಲ ಬರೆದು 1908ರಲ್ಲಿ ಬಹುಮಾನವನ್ನೂ ಪಡೆದರು. ಆ ಚಿತ್ರ ನೋಡಿ, ಪೂರ್ತಿ ಗುರುವಿನ ಶೈಲಿಯೇ. ಆಮೇಲೆ ತಮಗಾಗಿ ಚಿತ್ರ ಬರೆಯುವುದನ್ನೇ ಬಿಟ್ಟು, ಶಿಕಾಗೋದಲ್ಲಿ ಜಾಹೀರಾತಿನ ಚಿತ್ರ ಬರೆದು ಸಂಪಾದಿಸಿದರು.

1912ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಬೇಸಿಗೆ ತರಗತಿಯಲ್ಲಿ ಶಿಕ್ಷಕ ಅಲಾನ್ ಬೆಮೆಂಟ್ ಅವರಿಂದ, ಕಲಾವಿದ ಹಾಗೂ ಕಲಾ ಶಿಕ್ಷಕ ಆರ್ಥರ್ ವೆಸ್ಲಿ ಡೌ ಅವರ ಪಾಠಕ್ರಮ ಸಿಕ್ಕಿತು. ಜಪಾನಿ ಚಿತ್ರಗಳನ್ನು ಆಳವಾಗಿ ನೋಡಿದ್ದ ಡೌ ಹೇಳಿದ್ದು ಇಷ್ಟೇ: ಮೊದಲು ಜಾಗ ತುಂಬುವುದನ್ನು ಕಲಿಯಿರಿ. ಒಂದು ಚೌಕ ಬರೆಯಿರಿ. ಒಳಗೆ ಒಂದು ಗೆರೆ ಎಳೆಯಿರಿ. ಇನ್ನೊಂದು ಚೌಕ ಬರೆದು, ಅದೇ ಗೆರೆಯನ್ನು ಸ್ವಲ್ಪ ಎಡಕ್ಕೆ ಸರಿಸಿ ಎಳೆಯಿರಿ. ಎರಡು ಪಾಲಿನ ತೂಕ ಬದಲಾಯಿತು, ಅಲ್ವಾ? ಈಗ ಒಂದು ಪಾಲಿಗೆ ಕಪ್ಪು ತುಂಬಿ, ಮತ್ತೆ ನೋಡಿ. ಎಲ್ಲಿ ಇಟ್ಟರೆ ಚೆಂದ ಅಂತ ಕಣ್ಣೇ ಆರಿಸಬೇಕು. ಗುರು ಆರಿಸಿಕೊಟ್ಟರೆ ಪ್ರಯೋಜನ ಇಲ್ಲ. ಸ್ವಂತದ್ದು ಅನ್ನುವುದು ಶುರುವಾಗುವುದೇ ಈ ಆರಿಸುವಿಕೆಯಲ್ಲಿ. ನಿಮ್ಮ ಮಗಳ ಪುಸ್ತಕದಲ್ಲಿ ಬರೀ ಚೌಕ ಕಂಡರೆ ಸುಮ್ನೆ ಬೇಸರ ಮಾಡಿಕೊಳ್ಳಬೇಡಿ. ಯಾವುದು ಇಷ್ಟ, ಯಾಕೆ ಅಂತ ಅವಳನ್ನು ಕೇಳಿ.

ಎಲ್ಲ ಮಕ್ಕಳಿಗೂ ಈ ಕ್ರಮವೇ ಒಗ್ಗುತ್ತದೆ ಎಂದು ನಾನು ಹೇಳಲಾರೆ. ಓಕೀಫ್ ಅವರಿಗೆ ಒಗ್ಗಿತು. ಟೆಕ್ಸಾಸ್‌ನ ಅಮರಿಲೋದಲ್ಲಿ ಶಾಲಾ ಮಕ್ಕಳಿಗೆ ಕಲಿಸಿದರು. ನ್ಯೂಯಾರ್ಕ್‌ನ ಟೀಚರ್ಸ್ ಕಾಲೇಜಿನಲ್ಲಿ ಡೌ ಅವರ ಬಳಿಯೇ ಕಲಿತರು. 1915ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಪಾಠ ಹೇಳುತ್ತಿದ್ದಾಗ, ಬಣ್ಣವನ್ನು ಪೂರ್ತಿ ಬದಿಗಿಟ್ಟು ಬರೀ ಇದ್ದಿಲಿನಲ್ಲಿ ತಮ್ಮ ಮನಸ್ಸಿನ ಆಕಾರಗಳನ್ನು ಬರೆದರು. ಗೆಳತಿ ಅನಿತಾ ಪೊಲಿಟ್ಜರ್ ಅವನ್ನು ನ್ಯೂಯಾರ್ಕ್‌ನಲ್ಲಿ ಗ್ಯಾಲರಿ ನಡೆಸುತ್ತಿದ್ದ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಅವರಿಗೆ ತೋರಿಸಿದರು. 1916ರಲ್ಲಿ ಅವರ ಗ್ಯಾಲರಿಯ ಗೋಡೆಗೆ ಆ ಚಿತ್ರಗಳು ಬಂದಾಗ ಓಕೀಫ್ ಅವರಿಗೆ 28 ವರ್ಷ.