ಟನ್ ಬೇರೆ, ಟನ್-ಕಿಲೋಮೀಟರ್ ಬೇರೆ: ಲಾರಿ ಸಾಗಣೆಯ ಅಂಕಿಗಳನ್ನು ಓದುವ ಬಗೆ

ಅರ್ಥಶಾಸ್ತ್ರ, ವಾಣಿಜ್ಯ ಓದುವವರಿಗೂ ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರಿಗೂ ಸರಕು ಸಾಗಣೆಯ ಪಾಠ ಬಂದೇ ಬರುತ್ತದೆ. ‘ರಸ್ತೆಯ ಪಾಲು ಇಷ್ಟು, ರೈಲಿನ ಪಾಲು ಇಷ್ಟು’ ಎಂದು ಬಾಯಿಪಾಠ ಮಾಡಿ ಮುಗಿಸುವವರೇ ಜಾಸ್ತಿ. ಅಷ್ಟು ಸಾಲದು. ಲಾರಿ ಸಾಗಣೆ ಹೆಚ್ಚಿದೆಯಾ, ಕಡಿಮೆಯಾಗಿದೆಯಾ ಎಂದು ಕೇಳಿದರೆ, ಒಂದೇ ವರ್ಷದ ಅಂಕಿ ಇಟ್ಟುಕೊಂಡು ‘ಹೌದು’ ಎಂದೂ ಹೇಳಬಹುದು, ‘ಇಲ್ಲ’ ಎಂದೂ ಹೇಳಬಹುದು. ಯಾವ ಅಳತೆ ಹಿಡಿದಿದ್ದೀರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ. ಈ ಟಿಪ್ಪಣಿ ಆ ಅಳತೆಗಳ ಬಗ್ಗೆ. ಉದಾಹರಣೆಗಳು ಹೆಚ್ಚಾಗಿ ಮಂಡ್ಯ, ಮೈಸೂರಿನವೇ. ದಿನಾ ನೋಡುವ ಲಾರಿಗಳಾದರೆ ಲೆಕ್ಕ ಬೇಗ ತಲೆಗೆ ಹತ್ತುತ್ತದೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ, ಲೋಡ್ ಸೇರಿ ಒಟ್ಟು ತೂಕ 12 ಟನ್ ದಾಟಿದರೆ ಅದು ಭಾರಿ ಸರಕು ವಾಹನ. 7.5ರಿಂದ 12 ಟನ್‌ವರೆಗೆ ಮಧ್ಯಮ, ಅದರ ಕೆಳಗೆ ಲಘು. ಬ್ರಿಟನ್ನಿನ ಅಂಕಿಅಂಶದಲ್ಲಿ 3.5 ಟನ್ ದಾಟಿದ್ದೆಲ್ಲ ಭಾರಿ ವಾಹನವೇ. ಎರಡೂ ದೇಶಗಳ ‘ಭಾರಿ ವಾಹನ’ದ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ಅಲ್ಲೇ ತಪ್ಪುತ್ತದೆ.

ಎಷ್ಟು ಹೊತ್ತಿತು, ಎಷ್ಟು ದೂರ ಹೊತ್ತಿತು

ಮದ್ದೂರಿನ ಎಳನೀರು ಮಾರುಕಟ್ಟೆಗೆ ಹೋಗಿ ನೋಡಿ. ಕೆಳಗೆ ನಿಂತವನು ಕಾಯಿ ಎಸೆಯುತ್ತಾನೆ, ಲಾರಿ ಮೇಲಿರುವವನು ಹಿಡಿದು ಜೋಡಿಸುತ್ತಾನೆ. ಎಣಿಕೆ ಬಾಯಲ್ಲೇ ನಡೆಯುತ್ತಿರುತ್ತದೆ. ಇಲ್ಲಿ ವ್ಯಾಪಾರ ಕಾಯಿಯ ಲೆಕ್ಕದಲ್ಲಿ, ತೂಕದಲ್ಲಲ್ಲ. ಆದರೆ ಸಾಗಣೆಯ ಅಂಕಿಗೆ ಬೇಕಾದದ್ದು ತೂಕ. ಒಂದು ಕಾಯಿ 2 ಕಿಲೋ ಎಂದಿಟ್ಟುಕೊಂಡರೆ 10,000 ಕಾಯಿಯ ಲೋಡು 20 ಟನ್. ಅದು ಮುಂಬೈಗೆ ಹೋಗುತ್ತದೆ, ಸುಮಾರು 1,000 ಕಿ.ಮೀ. ಟನ್ನನ್ನು ದೂರದಿಂದ ಗುಣಿಸಿದರೆ 20,000 ಟನ್-ಕಿ.ಮೀ.

ಈಗ ಜಲ್ಲಿ ಕ್ರಷರ್‌ನಿಂದ ಮೈಸೂರಿನ ಹೊಸ ಬಡಾವಣೆಯೊಂದಕ್ಕೆ ಎಂ-ಸ್ಯಾಂಡ್ ತರುವ ಟಿಪ್ಪರ್ ತೆಗೆದುಕೊಳ್ಳಿ. ಅದೂ 20 ಟನ್ನೇ. ದೂರ ಮಾತ್ರ 25 ಕಿ.ಮೀ. ಅಂದರೆ 500 ಟನ್-ಕಿ.ಮೀ. ಎಳನೀರು ಲಾರಿಯ ಒಂದು ಟ್ರಿಪ್ಪಿಗೆ ಸಮ ಆಗಬೇಕಾದರೆ ಟಿಪ್ಪರ್ 40 ಟ್ರಿಪ್ ಹೊಡೆಯಬೇಕು. ಅಷ್ಟರಲ್ಲಿ ಅದು ಸಾಗಿಸಿದ್ದು 800 ಟನ್. ಎಳನೀರು ಲಾರಿ ಸಾಗಿಸಿದ್ದು 20 ಟನ್.

ಎರಡನ್ನೂ ಕೂಡಿಸಿ. ಒಟ್ಟು 820 ಟನ್, 40,000 ಟನ್-ಕಿ.ಮೀ. ಭಾಗಿಸಿದರೆ ಒಂದು ಟನ್ ಸರಾಸರಿ 49 ಕಿ.ಮೀ. ಹೋಯಿತು ಎಂದು ಬರುತ್ತದೆ. ಮುಂದಿನ ವರ್ಷ ಕಟ್ಟಡ ಕೆಲಸ ತಣ್ಣಗಾಯಿತು, ಟಿಪ್ಪರ್ 20 ಟ್ರಿಪ್ಪಿಗೆ ಇಳಿಯಿತು ಅಂದುಕೊಳ್ಳಿ. ಟನ್ 820ರಿಂದ 420ಕ್ಕೆ ಬಿತ್ತು, ಹತ್ತಿರ ಹತ್ತಿರ ಅರ್ಧ. ಟನ್-ಕಿ.ಮೀ. 40,000ದಿಂದ 30,000ಕ್ಕೆ ಇಳಿಯಿತು, ಕಾಲುಭಾಗ ಮಾತ್ರ. ಸರಾಸರಿ ದೂರ 49ರಿಂದ 71 ಕಿ.ಮೀ.ಗೆ ಏರಿತು! ಯಾವ ಲಾರಿಯೂ ಒಂದು ಮೈಲಿ ಜಾಸ್ತಿ ಓಡಿಲ್ಲ. ಹತ್ತಿರದ ಲೋಡು ಕಡಿಮೆಯಾಯಿತು, ಅಷ್ಟೇ. ‘ಸರಾಸರಿ ಸಾಗಣೆ ದೂರ ಹೆಚ್ಚಿದೆ, ಆದ್ದರಿಂದ ಮಾರುಕಟ್ಟೆ ವಿಸ್ತಾರವಾಗಿದೆ’ ಎಂದು ಬರೆದ ಉತ್ತರ ಕಂಡರೆ, ಟಿಪ್ಪರ್‌ಗಳಿಗೆ ಏನಾಯಿತು ಎಂದು ಮೊದಲು ಕೇಳಬೇಕು.

ಟನ್-ಕಿ.ಮೀ. ಕೂಡ ಎಲ್ಲವನ್ನೂ ಹೇಳುವುದಿಲ್ಲ. ಮೈಸೂರಿನಿಂದ ಹೊರಡುವ ಟಯರ್ ಲೋಡು ನೋಡಿ. ಬಾಡಿ ತುಂಬಿರುತ್ತದೆ, ತೂಕದ ಮಿತಿ ಮುಟ್ಟಿರುವುದಿಲ್ಲ. ಖಾಲಿ ಪ್ಲಾಸ್ಟಿಕ್ ಬಾಟಲಿಯಾದರಂತೂ ಇನ್ನೂ ಹಗುರ. ಜಾಗ ಪೂರ್ತಿ ಬಳಕೆಯಾದರೂ ಅಂಕಿಯಲ್ಲಿ ಅದು ಅರ್ಧ ಲೋಡಿನಂತೆ ಕಾಣುತ್ತದೆ.

ವಾಪಸ್ ಲೋಡು

ನನ್ನ ಪ್ರಕಾರ ಇಡೀ ವಿಷಯದ ಜೀವಾಳ ಇದು. ಪಠ್ಯದಲ್ಲಿ ಇದಕ್ಕೆ ಸಿಗುವುದು ಮಾತ್ರ ಒಂದೋ ಎರಡೋ ಸಾಲು.

ಕಬ್ಬಿನ ಲಾರಿ ಗದ್ದೆಯಿಂದ ಕಾರ್ಖಾನೆಗೆ ತುಂಬಿಕೊಂಡು ಹೋಗುತ್ತದೆ, ಖಾಲಿ ಬರುತ್ತದೆ. ಬೇರೆ ದಾರಿಯೇ ಇಲ್ಲ. ಟಿಪ್ಪರ್ ಕಥೆಯೂ ಅದೇ. ಪೆಟ್ರೋಲ್, ಹಾಲಿನ ಟ್ಯಾಂಕರ್‌ಗಳಿಗೂ ಅದೇ, ಏಕೆಂದರೆ ಅದರೊಳಗೆ ಇನ್ನೊಂದು ಸರಕು ಹಾಕುವಂತಿಲ್ಲ. ಈ ಲಾರಿಗಳ ಓಟದಲ್ಲಿ ಅರ್ಧ ಖಾಲಿ ಓಟ. ಮುಂಬೈಗೆ ಹೋದ ಎಳನೀರು ಲಾರಿಗೆ ಹಾಗಿಲ್ಲ. ಅಲ್ಲಿ ಇಳಿಸಿದ ಮೇಲೆ ಡ್ರೈವರ್ ಟ್ರಾನ್ಸ್‌ಪೋರ್ಟ್ ಆಫೀಸು, ಬ್ರೋಕರ್ ಎಂದು ವಿಚಾರಿಸುತ್ತಾನೆ. ಬೆಂಗಳೂರು ಕಡೆಗೆ ಲೋಡು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಕಾಯಬೇಕು. ಕಾದ ದಿನಕ್ಕೆ ಊಟದ ಖರ್ಚು, ಡ್ರೈವರ್ ಬಾಟಾ, ಬ್ಯಾಂಕಿನ ಕಂತು ಎಲ್ಲವೂ ಓಡುತ್ತಿರುತ್ತವೆ. ಲಾರಿ ಮಾತ್ರ ನಿಂತಿರುತ್ತದೆ. ಅದಕ್ಕೇ ಮಾಲೀಕರು ವಾಪಸ್ ಲೋಡನ್ನು ಕಡಿಮೆ ಬಾಡಿಗೆಗೂ ಒಪ್ಪಿಕೊಳ್ಳುತ್ತಾರೆ. ಡೀಸೆಲ್ ದುಡ್ಡಾದರೂ ಹುಟ್ಟಲಿ ಎಂದು. ಒಂದೇ ರಸ್ತೆಯಲ್ಲಿ ಹೋಗುವ ಬಾಡಿಗೆ ಒಂದು, ಬರುವ ಬಾಡಿಗೆ ಇನ್ನೊಂದು ಆಗಿರುವುದು ಈ ಕಾರಣಕ್ಕೆ.

ಬ್ರಿಟನ್ನಿನಲ್ಲಿ ಇದನ್ನು ಸಮೀಕ್ಷೆ ಮಾಡಿಯೇ ಅಳೆಯುತ್ತಾರೆ. ಸಾರಿಗೆ ಇಲಾಖೆ ಕೆಲವು ಲಾರಿಗಳನ್ನು ಆರಿಸಿ, ಒಂದು ವಾರ ಅವು ಎಲ್ಲಿಗೆ ಹೋದವು, ಏನು ಹೊತ್ತವು ಎಂದು ಮಾಲೀಕರಿಂದ ಬರೆಸಿಕೊಳ್ಳುತ್ತದೆ. ಅಲ್ಲಿ ಭಾರಿ ವಾಹನಗಳು ಓಡುವ ದೂರದಲ್ಲಿ ಹೆಚ್ಚುಕಡಿಮೆ ಶೇ. 30 ಖಾಲಿ ಓಟ. ಅಷ್ಟು ಮುಂದುವರಿದ ದೇಶದಲ್ಲೂ ಅಷ್ಟಿದೆ. ನಮ್ಮಲ್ಲಿ ಲಾರಿ ಉದ್ಯಮದ ಬಹುಪಾಲು ಐದಾರು ಲಾರಿ ಕೂಡ ಇಲ್ಲದ ಸಣ್ಣ ಮಾಲೀಕರ ಕೈಯಲ್ಲಿದೆ. ಒಬ್ಬರ ಲೋಡು ಇನ್ನೊಬ್ಬರಿಗೆ ಗೊತ್ತಾಗುವುದು ಬ್ರೋಕರ್ ಮೂಲಕ, ಈಗೀಗ ಮೊಬೈಲ್ ಆ್ಯಪ್ ಮೂಲಕ. ವಾಪಸ್ ಲೋಡು ಹೊಂದಿಸುವುದು ಇನ್ನೂ ಕಷ್ಟ.

ಎಪ್ಪತ್ತು ವರ್ಷದಲ್ಲಿ ಏನು ಬದಲಾಯಿತು

1950–51ರ ಸುಮಾರಿಗೆ ದೇಶದ ಸರಕಿನಲ್ಲಿ ಹತ್ತರಲ್ಲಿ ಎಂಟು ಪಾಲಿಗಿಂತ ಜಾಸ್ತಿ ರೈಲಿನಲ್ಲಿ ಹೋಗುತ್ತಿತ್ತು. ನೀತಿ ಆಯೋಗ 2021ರಲ್ಲಿ ಕೊಟ್ಟ ವರದಿಯ ಹೊತ್ತಿಗೆ ಅದು ತಲೆಕೆಳಗಾಗಿತ್ತು: ರಸ್ತೆ ಶೇ. 71, ರೈಲು ಶೇ. 18. ವರ್ಷಕ್ಕೆ 460 ಕೋಟಿ ಟನ್ ಸರಕು, 2.2 ಲಕ್ಷ ಕೋಟಿ ಟನ್-ಕಿ.ಮೀ. ಎಂದು ಅದೇ ವರದಿ ಅಂದಾಜು ಮಾಡಿತು. 2030ಕ್ಕೆ ರೈಲಿನ ಪಾಲನ್ನು ಶೇ. 45ಕ್ಕೆ ಏರಿಸಬೇಕು ಅನ್ನೋದು ರಾಷ್ಟ್ರೀಯ ರೈಲು ಯೋಜನೆಯ ಗುರಿ.

ರೈಲು ಅಗ್ಗ ಅನ್ನೋದರಲ್ಲಿ ಅನುಮಾನವಿಲ್ಲ. 2025ರಲ್ಲಿ ಬಂದ ಕೇಂದ್ರ ಸರ್ಕಾರದ ಸಾಗಣೆ ವೆಚ್ಚದ ವರದಿಯಲ್ಲಿ ಒಂದು ಟನ್-ಕಿ.ಮೀ.ಗೆ ರೈಲಿನಲ್ಲಿ ₹1.96, ರಸ್ತೆಯಲ್ಲಿ ₹3.78. ಹಾಗಾದರೆ ಎಳನೀರು ರೈಲಿಗೆ ಏಕೆ ಹೋಗುವುದಿಲ್ಲ? ತೋಟದಿಂದ ಮಾರುಕಟ್ಟೆಗೆ ಒಂದು ಸಲ ತುಂಬಬೇಕು, ಅಲ್ಲಿಂದ ಸ್ಟೇಷನ್‌ಗೆ ಇನ್ನೊಂದು ಸಲ, ಆ ಕಡೆ ಇಳಿಸಿ ಮತ್ತೆ ಇನ್ನೊಂದು ಗಾಡಿಗೆ. ಪ್ರತಿ ಸಲವೂ ಹಮಾಲಿ ಕೂಲಿ, ಪ್ರತಿ ಸಲವೂ ಒಂದಷ್ಟು ಕಾಯಿ ಒಡೆಯುತ್ತದೆ. ಎಳನೀರಿಗೆ ಕಾಯುವ ತಾಳ್ಮೆಯೂ ಇಲ್ಲ. ಕಲ್ಲಿದ್ದಲು, ಅದಿರು, ಸಿಮೆಂಟಿಗೆ ಈ ತೊಂದರೆ ಕಡಿಮೆ, ಅದಕ್ಕೇ ಅವು ಇನ್ನೂ ರೈಲಿನ ಸರಕು. ಕಡಕೊಳದಲ್ಲಿ ಕಂಟೇನರ್ ಟರ್ಮಿನಲ್ ಆಗಿರುವುದು ಮೈಸೂರು, ನಂಜನಗೂಡಿನ ಕಾರ್ಖಾನೆ ಸರಕಿಗೆ ಅನುಕೂಲ. ಮದ್ದೂರಿನ ಎಳನೀರು ಲಾರಿಯ ಸಾಲು ಅದರಿಂದ ಕರಗುವುದಿಲ್ಲ.

2017ರ ಜುಲೈ 1ರಂದು ಜಿಎಸ್‌ಟಿ ಬಂತು. ರಾಜ್ಯದ ಗಡಿಯಲ್ಲಿ ತೆರಿಗೆ ಚೆಕ್‌ಪೋಸ್ಟ್ ಹೋದವು. ಕಂಪನಿಗಳು ರಾಜ್ಯಕ್ಕೊಂದು ಗೋದಾಮು ಇಡುವ ಅಗತ್ಯ ತಪ್ಪಿತು. ದೊಡ್ಡ ಗೋದಾಮಿಗೆ ದೊಡ್ಡ ಲಾರಿ, ಅಲ್ಲಿಂದ ಅಂಗಡಿಗೆ ಸಣ್ಣ ಗಾಡಿ ಅನ್ನೋ ಪದ್ಧತಿ ಬಲವಾಯಿತು. ಹದಿನೆಂಟು, ಇಪ್ಪತ್ತೆರಡು ಚಕ್ರದ ಟ್ರೈಲರ್‌ಗಳು ಹೆದ್ದಾರಿಯಲ್ಲಿ ಜಾಸ್ತಿಯಾದದ್ದಕ್ಕೂ, ಊರೊಳಗೆ ಸಣ್ಣ ಗೂಡ್ಸ್ ಗಾಡಿಗಳು ಜಾಸ್ತಿಯಾದದ್ದಕ್ಕೂ ಇದೂ ಒಂದು ಕಾರಣ. ನಡುವಿನ ಗಾತ್ರದ ಲಾರಿಗೆ ಪೆಟ್ಟು ಬಿತ್ತು.

2018ರ ಆ್ಯಕ್ಸಲ್ ತೂಕ

ಆ್ಯಕ್ಸಲ್ ಅಂದರೆ ಎರಡು ಬದಿಯ ಚಕ್ರಗಳನ್ನು ಜೋಡಿಸುವ ಅಚ್ಚು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಒಂದೊಂದು ಆ್ಯಕ್ಸಲ್ ಮೇಲೆ ಬೀಳಬಹುದಾದ ತೂಕದ ಮಿತಿ ಏರಿಸಿತು. ಆರು ಚಕ್ರದ ಲಾರಿಯ ಒಟ್ಟು ತೂಕ 16.2 ಟನ್‌ನಿಂದ 18.5ಕ್ಕೆ ಹೋಯಿತು. ಹತ್ತು ಚಕ್ರದ್ದು 25ರಿಂದ 28ರ ಆಸುಪಾಸಿಗೆ ಬಂತು. ಗರಿಷ್ಠ ಮಿತಿ 49ರಿಂದ 55 ಟನ್. ಲಾರಿಯ ಸ್ವಂತ ತೂಕ ಅಷ್ಟೇ ಇರುವುದರಿಂದ, ಹೆಚ್ಚಿದ್ದೆಲ್ಲ ಸರಕಿನ ಲೆಕ್ಕಕ್ಕೇ ಸೇರುತ್ತದೆ. ಒಂದು ಹೊಸ ಲಾರಿಯನ್ನೂ ಕೊಳ್ಳದೆ ದೇಶದ ಲಾರಿಗಳ ಹೊರುವ ಶಕ್ತಿ ಜಾಸ್ತಿಯಾಯಿತು. 2019–20ರಲ್ಲಿ ದೊಡ್ಡ ಲಾರಿಗಳ ಮಾರಾಟ ಬಿದ್ದುಹೋಯಿತು. ಸಾಲ ಕೊಡುವ ಹಣಕಾಸು ಕಂಪನಿಗಳ ಬಿಕ್ಕಟ್ಟು, ಆರ್ಥಿಕತೆಯ ನಿಧಾನಗತಿ ಕೂಡ ಅದರಲ್ಲಿ ಸೇರಿವೆ. ಆದರೂ ಆ್ಯಕ್ಸಲ್ ಮಿತಿಯ ಪಾಲು ಸಣ್ಣದಲ್ಲ. ಲಾರಿ ಬಿಡಿಭಾಗದ ಕಾರ್ಖಾನೆಗಳಿರುವ ಊರಿಗೆ ಇದರ ಬಿಸಿ ತಟ್ಟದೆ ಇರುವುದಿಲ್ಲ. ಲಾರಿ ಆ್ಯಕ್ಸಲ್ ತಯಾರಿಸುವ ಕಾರ್ಖಾನೆ ನಮ್ಮ ಮೈಸೂರಿನ ಹೂಟಗಳ್ಳಿಯಲ್ಲೇ ಇದೆ ಅಲ್ವಾ? ಲಾರಿ ಮಾರಾಟ ಕಡಿಮೆಯಾಗಿದ್ದಕ್ಕೆ ಸರಕು ಕಡಿಮೆಯಾಗಿದೆ ಎಂದು ಅರ್ಥ ಮಾಡುವಂತಿಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ರಸ್ತೆಗೆ ಇದರಿಂದ ಏನಾಗುತ್ತದೆ? 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ನಡೆದ ರಸ್ತೆ ಪರೀಕ್ಷೆಯಿಂದ ಒಂದು ನಿಯಮ ಬಂತು. ರಸ್ತೆಗಾಗುವ ಸವೆತ ಹೆಚ್ಚುಕಡಿಮೆ ಆ್ಯಕ್ಸಲ್ ತೂಕದ ನಾಲ್ಕನೇ ಘಾತದ ಅನುಪಾತದಲ್ಲಿ ಏರುತ್ತದೆ. ನಾಲ್ಕು ಚಕ್ರದ ಹಿಂದಿನ ಆ್ಯಕ್ಸಲ್ ಮಿತಿ 10.2ರಿಂದ 11.5 ಟನ್ ಆಯಿತು, ಅಂದರೆ ತೂಕ ಶೇ. 13ರಷ್ಟು ಜಾಸ್ತಿ. ನಾಲ್ಕನೇ ಘಾತಕ್ಕೆ ಏರಿಸಿದರೆ ಸವೆತ ಶೇ. 60ರಷ್ಟು ಜಾಸ್ತಿ. ಹೊಸ ಹೆದ್ದಾರಿ ಇದನ್ನು ತಡೆದುಕೊಳ್ಳಬಹುದು. ಕಬ್ಬು ಹೇರಿಕೊಂಡು ಬರುವ ಮಂಡ್ಯದ ಒಳದಾರಿಗಳು ತಡೆಯುವುದಿಲ್ಲ. ಅದೇ ತೂಕವನ್ನು ಜಾಸ್ತಿ ಆ್ಯಕ್ಸಲ್‌ಗಳ ಮೇಲೆ ಹಂಚಿದರೆ ಸವೆತ ತುಂಬಾ ಇಳಿಯುತ್ತದೆ. ಆದ್ದರಿಂದ ದೊಡ್ಡ ಲಾರಿ ಕಂಡರೆ ‘ರಸ್ತೆ ಹಾಳು’ ಎಂದು ಸುಮ್ನೆ ಬರೆಯಬೇಡಿ, ಆ್ಯಕ್ಸಲ್ ಎಷ್ಟಿವೆ ಎಂದು ನೋಡಿ.

ಇ-ವೇ ಬಿಲ್ಲಿಗೆ ಕಾಣದ ಮಂಡ್ಯ

ಈಗೀಗ ಸರಕು ಸಾಗಣೆಯ ನಾಡಿ ಹಿಡಿಯಲು ಎಲ್ಲರೂ ಇ-ವೇ ಬಿಲ್ ನೋಡುತ್ತಾರೆ. ಜಿಎಸ್‌ಟಿ ವ್ಯವಸ್ಥೆಯಲ್ಲಿ ಆನ್‌ಲೈನಿನಲ್ಲಿ ಪಡೆಯುವ ಸಾಗಣೆ ಚೀಟಿ ಅದು; ₹50,000 ದಾಟಿದ ಸರಕು ಸಾಗಿಸಲು ಬೇಕು. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಜಾರಿಯಾಯಿತು. ಅದೇ ದಿನ ರಾಜ್ಯದೊಳಗಿನ ಸಾಗಣೆಗೂ ಜಾರಿ ಮಾಡಿದ ರಾಜ್ಯ ಕರ್ನಾಟಕ. ಲಾಕ್‌ಡೌನ್ ಇದ್ದ 2020ರ ಏಪ್ರಿಲ್‌ನಲ್ಲಿ ದೇಶದ ಒಟ್ಟು ಬಿಲ್ ಒಂದು ಕೋಟಿಯನ್ನೂ ಮುಟ್ಟಲಿಲ್ಲ. 2023–24ರಲ್ಲಿ ಕೆಲವು ತಿಂಗಳು 10 ಕೋಟಿ ದಾಟಿತು.

ಒಳ್ಳೆಯ ಸೂಚಕವೇ. ಆದರೆ ಜಿಎಸ್‌ಟಿ ಇಲ್ಲದ ಸರಕಿಗೆ ಸಾಮಾನ್ಯವಾಗಿ ಈ ಬಿಲ್ ಬೇಕಿಲ್ಲ. ಎಳನೀರಿಗೆ ತೆರಿಗೆ ಇಲ್ಲ. ಕಬ್ಬಿಗೆ ಇಲ್ಲ. ಪ್ಯಾಕ್ ಮಾಡದ ಬೆಲ್ಲಕ್ಕೂ ಇಲ್ಲ. ತರಕಾರಿಗೂ ಇಲ್ಲ. ಅಕ್ಕಿಗೆ 2022ರ ಜುಲೈನಿಂದ 25 ಕಿಲೋವರೆಗಿನ ಪ್ಯಾಕೆಟ್‌ಗೆ ಶೇ. 5 ತೆರಿಗೆ ಬಂತು, ಅದಕ್ಕಿಂತ ದೊಡ್ಡ ಚೀಲಕ್ಕಿಲ್ಲ. ಅಂಗಡಿಗಳಲ್ಲಿ 26 ಕಿಲೋ ಚೀಲ ಕಾಣಿಸಿಕೊಂಡದ್ದು ಅದಾದ ಮೇಲೆಯೇ. ಅಂದರೆ ಮಂಡ್ಯದಿಂದ ಹೊರಡುವ ಮುಖ್ಯ ಲೋಡುಗಳಲ್ಲಿ ಹೆಚ್ಚಿನವು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಇ-ವೇ ಬಿಲ್ ಸಂಖ್ಯೆ ನೋಡಿ ಕೃಷಿ ಜಿಲ್ಲೆಯೊಂದರ ಸಾಗಣೆ ಅಳೆಯಲು ಹೋದರೆ ಎಡವುತ್ತೇವೆ. ಜೊತೆಗೆ, ಅದು ಚೀಟಿಗಳ ಲೆಕ್ಕ. ಒಂದು ಚೀಟಿಯಲ್ಲಿ ಎಷ್ಟು ಟನ್ ಇತ್ತು ಎಂದು ಆ ಸಂಖ್ಯೆ ಹೇಳುವುದಿಲ್ಲ.

ಟನ್-ಕಿ.ಮೀ. ಏರಿದರೆ ಅದು ಯಾವಾಗಲೂ ಬೆಳವಣಿಗೆಯೂ ಅಲ್ಲ. ಬಂಡೀಪುರದ ಮೂಲಕ ಕೇರಳಕ್ಕೆ ಹೋಗುವ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವಿಲ್ಲ. 2009ರಿಂದ ಇರುವ ನಿರ್ಬಂಧ ಇದು. ಕಾಡುಪ್ರಾಣಿಗಳು ರಸ್ತೆಯಲ್ಲಿ ಸಾಯುವುದನ್ನು ತಡೆಯಲು ತಂದದ್ದು, ಅದು ಬೇಕೇ ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮೈಸೂರಿನಿಂದ ರಾತ್ರಿ ಹೊರಟ ತರಕಾರಿ ಲಾರಿ ಹುಣಸೂರು, ಗೋಣಿಕೊಪ್ಪ, ಕುಟ್ಟದ ಸುತ್ತುದಾರಿ ಹಿಡಿಯಬೇಕು, ಇಲ್ಲವೇ ಗುಂಡ್ಲುಪೇಟೆ ಕಡೆ ಬೆಳಗಾಗುವವರೆಗೆ ಕಾಯಬೇಕು. ಸುತ್ತಿದರೆ ಅದೇ ತರಕಾರಿಗೆ ಟನ್-ಕಿ.ಮೀ. ಜಾಸ್ತಿ. ಕಾದರೆ ಅಂಕಿ ಬದಲಾಗುವುದಿಲ್ಲ, ಆದರೆ ಲಾರಿಯ ಒಂದು ರಾತ್ರಿ ಹೋಗುತ್ತದೆ. ಎರಡರ ಖರ್ಚೂ ಬಾಡಿಗೆಯಲ್ಲೇ ಸೇರಬೇಕು.

ಪ್ರಾಜೆಕ್ಟ್ ಮಾಡುವವರಿಗೆ

ಬಂಡಿಪಾಳ್ಯದ ಎಪಿಎಂಸಿ ಅಥವಾ ಮಂಡ್ಯದ ಬೆಲ್ಲದ ಮಾರುಕಟ್ಟೆ ಹತ್ತಿರದ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೋಗಿ. ಪ್ರತಿ ಲಾರಿಗೆ ಐದು ವಿಷಯ ಬರೆದುಕೊಳ್ಳಿ: ಎಷ್ಟು ಚಕ್ರ, ಏನು ಲೋಡು, ಎಷ್ಟು ತೂಕ, ಎಲ್ಲಿಗೆ, ಬರುವಾಗ ಏನು ತಂದಿತು. ತೂಕವನ್ನು ಬಾಯಿಮಾತಿನಲ್ಲಿ ತೆಗೆದುಕೊಳ್ಳಬೇಡಿ, ವೇಬ್ರಿಡ್ಜ್ ಚೀಟಿ ಇದ್ದರೆ ಅದನ್ನೇ ನೋಡಿ. ಚೀಟಿಯಲ್ಲಿ ಒಟ್ಟು ತೂಕ, ಖಾಲಿ ಲಾರಿ ತೂಕ, ಸರಕಿನ ತೂಕ ಮೂರೂ ಇರುತ್ತವೆ. ನಮಗೆ ಬೇಕಾದದ್ದು ಮೂರನೆಯದು. ಬಾಡಿಗೆ ಎಷ್ಟು ಎಂದು ಮೊದಲೇ ಕೇಳಿದರೆ ಯಾರೂ ಸರಿಯಾಗಿ ಮಾತಾಡುವುದಿಲ್ಲ. ‘ಅಣ್ಣಾ, ವಾಪಸ್ ಲೋಡು ಸಿಗ್ತಾ?’ ಎಂದು ಕೇಳಿ ನೋಡಿ. ಆಮೇಲೆ ಅವರೇ ಎಲ್ಲ ಹೇಳುತ್ತಾರೆ. ಒಂದು ವಾರ ಸುಗ್ಗಿಯಲ್ಲಿ, ಇನ್ನೊಂದು ವಾರ ಮಳೆಗಾಲದಲ್ಲಿ ಬರೆದುಕೊಂಡರೆ ಎರಡರ ಸರಾಸರಿ ದೂರವನ್ನೂ ಖಾಲಿ ಓಟವನ್ನೂ ಹೋಲಿಸಬಹುದು.