300 ಡಿಪಿಐ ಇಟ್ಟರೂ ಚಿತ್ರ ಮಸುಕಾಗಿದ್ದು ಯಾಕೆ

ಪಠ್ಯ ಬರಹದ ಪ್ರೋಗ್ರಾಂ ಲಿಬ್ರೆಆಫೀಸ್ ರೈಟರ್‌ನಲ್ಲಿ, ಚಾರ್ಟ್ ಅದರದೇ ಲೆಕ್ಕದ ಹಾಳೆ ಕ್ಯಾಲ್ಕ್‌ನಲ್ಲಿ, ರೇಖಾಚಿತ್ರ ಗೆರೆಚಿತ್ರ ಬಿಡಿಸುವ ಇಂಕ್‌ಸ್ಕೇಪ್‌ನಲ್ಲಿ, ಸ್ಕ್ರೀನ್‌ಶಾಟ್ ಫೋಟೋ ತಿದ್ದುವ ಗಿಂಪ್‌ನಲ್ಲಿ. ಎಲ್ಲ ಸೇರಿಸಿ ಒಂದು ಎ4 ಪಿಡಿಎಫ್ ಆಗಬೇಕಿತ್ತು. ಕಾಪಿ ಪೇಸ್ಟ್ ತಾನೇ ಅಂದುಕೊಂಡೆ. ಪರದೆಯ ಮೇಲೆ ಚೆನ್ನಾಗಿಯೇ ಕಂಡಿತು. ಪ್ರಿಂಟ್ ತೆಗೆದರೆ ಸ್ಕ್ರೀನ್‌ಶಾಟ್‌ನಲ್ಲಿದ್ದ ಅಕ್ಷರಗಳೆಲ್ಲ ಒದ್ದೆ ಬೆರಳಲ್ಲಿ ಒರೆಸಿದ ಹಾಗೆ!

ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ, 300 ಡಿಪಿಐ (ಒಂದು ಇಂಚಿಗೆ 300 ಚುಕ್ಕಿ) ಇಡು ಅಂತ. ಇಟ್ಟೆ. ಗಿಂಪ್‌ನ 'ಪ್ರಿಂಟ್ ಸೈಜ್'ನಲ್ಲಿ 96 ಇದ್ದದ್ದನ್ನು 300 ಮಾಡಿ ರೈಟರ್‌ಗೆ ಮತ್ತೆ ತಂದೆ. ಚಿತ್ರ ಪುಟ್ಟದಾಗಿ ಬಂತು. ಮೂಲೆ ಹಿಡಿದು ಮೊದಲಿನಷ್ಟೇ ಅಗಲಕ್ಕೆ ಎಳೆದೆ. ಪ್ರಿಂಟ್‌ನಲ್ಲಿ ಮತ್ತದೇ ಮಸುಕು. ಎರಡು ಸಂಜೆ ಹೋಗಿದ್ದು ಇಲ್ಲೇ, ಅದಕ್ಕೇ ಇದನ್ನು ನಿಧಾನವಾಗಿ ಬಿಡಿಸಿ ಬರೆಯುತ್ತಿದ್ದೇನೆ.

ಚಿತ್ರದ ಒಳಗೆ ನಿಜವಾಗಿ ಇರುವುದು ಪಿಕ್ಸೆಲ್, ಅಂದರೆ ಬಣ್ಣದ ಪುಟ್ಟ ಚುಕ್ಕಿಗಳು, ಮಾತ್ರ. ಡಿಪಿಐ ಅನ್ನುವುದು ಅದರ ಮೇಲೆ ಅಂಟಿಸಿದ ಚೀಟಿ, 'ಒಂದು ಇಂಚಿಗೆ ಇಷ್ಟು ಪಿಕ್ಸೆಲ್ ಹರಡು' ಅಂತ. ಚೀಟಿ ಬದಲಿಸಿದರೆ ಪಿಕ್ಸೆಲ್ ಜಾಸ್ತಿ ಆಗುವುದಿಲ್ಲ. ನನ್ನ ಸ್ಕ್ರೀನ್‌ಶಾಟ್ 800 ಪಿಕ್ಸೆಲ್ ಅಗಲ ಇತ್ತು. 800 ಅನ್ನು 300ರಿಂದ ಭಾಗಿಸಿದರೆ 2.67 ಇಂಚು, ಅಂದರೆ ಸುಮಾರು 6.8 ಸೆಂ.ಮೀ. ಅದು ಪುಟ್ಟದಾಗಿ ಬಂದಿದ್ದು ಇದಕ್ಕೇ. ಎ4 ಹಾಳೆ 21 ಸೆಂ.ಮೀ. ಅಗಲ, ಎರಡೂ ಕಡೆ 2 ಸೆಂ.ಮೀ. ಅಂಚು ಬಿಟ್ಟರೆ ಉಳಿಯುವುದು 17, ಅಂದರೆ 6.69 ಇಂಚು. ನಾನು ಮೂಲೆ ಹಿಡಿದು ಅಷ್ಟಕ್ಕೆ ಎಳೆದ ತಕ್ಷಣ 800 ಪಿಕ್ಸೆಲ್ 6.69 ಇಂಚಿಗೆ ಹಂಚಿಹೋಗಿ ಇಂಚಿಗೆ ಸುಮಾರು 120 ಉಳಿಯಿತು. ಚೀಟಿಯಲ್ಲಿ 300 ಅಂತ ಇದ್ದರೇನು, ಎಳೆದವನು ನಾನೇ ಅಲ್ವಾ. ಆ ಅಗಲಕ್ಕೆ ನಿಜಕ್ಕೂ 300 ಬೇಕಾದರೆ ಸುಮಾರು 2000 ಪಿಕ್ಸೆಲ್ ಇರಬೇಕು.

'ಸ್ಕೇಲ್ ಇಮೇಜ್' ಬಳಸಿ 2000 ಮಾಡಿದರೆ? ಪಿಕ್ಸೆಲ್ ಏನೋ ಹೆಚ್ಚುತ್ತದೆ, ಆದರೆ ಅಕ್ಕಪಕ್ಕದ ಬಣ್ಣ ನೋಡಿ ಗಿಂಪ್ ಅಂದಾಜಿನಲ್ಲಿ ತುಂಬಿದ್ದು ಅದು. ಮಸುಕು ದೊಡ್ಡದಾಗುತ್ತದೆ ಅಷ್ಟೇ. ದಾರಿ ಎರಡೇ: ಪುಟದಲ್ಲಿ ಚಿಕ್ಕದಾಗಿ ಇಡುವುದು, ಇಲ್ಲವೇ ಪ್ರೋಗ್ರಾಂ ಒಳಗೆ ಜೂಮ್ ಮಾಡಿ ಹೊಸದಾಗಿ ಸ್ಕ್ರೀನ್‌ಶಾಟ್ ತೆಗೆಯುವುದು. ನಾನು ಎರಡನೆಯದು ಮಾಡಿದೆ, ಪಿಎನ್‌ಜಿಯಲ್ಲೇ ಉಳಿಸಿದೆ. ಪಿಎನ್‌ಜಿ ಚಿತ್ರವನ್ನು ಇದ್ದ ಹಾಗೇ ಇಡುತ್ತದೆ; ಜೆಪೆಗ್ ಫೈಲ್ ಚಿಕ್ಕದಾಗಲು ವಿವರ ಬಿಡುತ್ತದೆ, ಅದರಲ್ಲಿ ಅಕ್ಷರಗಳ ಸುತ್ತ ಕೊಳೆ ಕೂರುತ್ತದೆ.

ಚಾರ್ಟ್‌ಗೆ ಈ ತಲೆನೋವೇ ಇಲ್ಲ. ಬಲಕ್ಲಿಕ್, 'ಎಕ್ಸ್‌ಪೋರ್ಟ್ ಆ್ಯಸ್ ಇಮೇಜ್', ಎಸ್‌ವಿಜಿ (ಪಿಕ್ಸೆಲ್ ಬದಲು ಗೆರೆಗಳನ್ನೇ ಉಳಿಸುವ ಫೈಲ್). ಗೆರೆಗಳು ಗೆರೆಗಳಾಗಿಯೇ ಉಳಿಯುತ್ತವೆ, ಎಷ್ಟು ಬೇಕಾದರೂ ಎಳೆಯಬಹುದು. ಇಂಕ್‌ಸ್ಕೇಪ್ ಚಿತ್ರಕ್ಕೂ ಅದೇ. ಒಂದು ವಿಷಯ: ಚಿತ್ರದಲ್ಲಿ ಬಳಸಿದ ಫಾಂಟ್ ಇನ್ನೊಂದು ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಬೇರೆ ಫಾಂಟ್ ಬಂದು ಕೂರುತ್ತದೆ, ಪದಗಳು ಚೌಕದಿಂದ ಆಚೆ ಬರುತ್ತವೆ. 'ಆಬ್ಜೆಕ್ಟ್ ಟು ಪಾತ್' ಮಾಡಿದರೆ ಅಕ್ಷರ ಆಕಾರವಾಗಿಬಿಡುತ್ತದೆ. ಆಮೇಲೆ ತಿದ್ದಲು ಆಗುವುದಿಲ್ಲ, ಮೂಲ ಪ್ರತಿ ಬೇರೆ ಇಟ್ಟುಕೊಳ್ಳಿ.

ರೈಟರ್‌ನಿಂದ ಪಿಡಿಎಫ್ ಮಾಡುವಾಗ ಚಿತ್ರಗಳಿಗೆ 90% ಜೆಪೆಗ್ ಮೊದಲೇ ಆಯ್ಕೆ ಆಗಿರುತ್ತದೆ. ಅದನ್ನು 'ಲಾಸ್‌ಲೆಸ್'ಗೆ (ಏನೂ ಕಳೆಯದ ಆಯ್ಕೆಗೆ) ಬದಲಿಸಿ, ಇಲ್ಲದಿದ್ದರೆ ಪಿಎನ್‌ಜಿ ಇಟ್ಟಿದ್ದು ದಂಡ.

ಈಗ ಕಾಗದ ಹಾಳು ಮಾಡುವ ಮೊದಲು ಪಿಡಿಎಫ್ ಅನ್ನು 400% ಜೂಮ್ ಮಾಡಿ ನೋಡುತ್ತೇನೆ. ಚಾರ್ಟ್‌ನ ಅಂಕಿಗಳ ಅಂಚು ಚೂಪಾಗಿದ್ದರೆ ಸರಿ, ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಎಲ್ಲೋ ಅದು ಪಿಕ್ಸೆಲ್ ಆಗಿಬಿಟ್ಟಿದೆ. ಸುಮ್ನೆ ಅರ್ಧ ನಿಮಿಷದ ಕೆಲಸ. ಪ್ರಿಂಟ್ ಕೊಡುವಾಗ 'ಫಿಟ್ ಟು ಪೇಜ್' ಬೇಡ, 'ಆ್ಯಕ್ಚುಯಲ್ ಸೈಜ್' ಇರಲಿ.